ಅವಳ ಸಕ್ಕರೆಯನ್ನು ಅಳೆಯುವವರಾರು?

ಮುಂಜಾನೆ ಹನುಮಂತನಗರದ ರಾಮಾಂಜನೇಯ ಗುಡ್ಡದ ಆಸುಪಾಸಿನಲ್ಲಿ, ಬಸವನಗುಡಿಯ ಬ್ಯೂಗಲ್ ರಾಕ್ ಉದ್ಯಾನದಲ್ಲಿ ವೈದ್ಯರ ಸಲಹೆಯಂತೆ ನಡೆಯುವವರು ಅನೇಕರು. ಫಜ್ರ್ ನಮಾಝ್ ಮುಗಿಸಿ ಬಂದ ನಮ್ಮ ಸಮುದಾಯದ ಹಿರಿಯರೂ ಅವರಲ್ಲಿದ್ದಾರೆ. ಸಂತೋಷ. ಆದರೆ ಅವರ ಪತ್ನಿಯರೆಲ್ಲಿ? ಅಡುಗೆಮನೆಯಲ್ಲಿ, ಪತಿಗಾಗಿ ಸಕ್ಕರೆಯಿಲ್ಲದ ಚಹಾ ಕುದಿಸುತ್ತಿದ್ದಾರೆ. ಆ ಬಳಿಕ ಮಕ್ಕಳು ಬಿಟ್ಟ ಪರಾಠವನ್ನೂ ರಾತ್ರಿ ಉಳಿದ ಕುಷ್ಕಾವನ್ನೂ ತಾವು ತಿಂದು ಮುಗಿಸುತ್ತಾರೆ. ಅನ್ನ ವ್ಯರ್ಥವಾಗಬಾರದೆಂಬ ಕಾಳಜಿ ಪ್ರಶಂಸನೀಯ. ಆದರೆ ಅದರ ಹೊರೆಯನ್ನು ತಾಯಿಯೊಬ್ಬಳ ದೇಹವೇ ಏಕೆ ಹೊರಬೇಕು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಇನ್ನೂ 13.6 ಕೋಟಿ ಜನರು ರೋಗದ ಹೊಸ್ತಿಲಲ್ಲಿದ್ದಾರೆ. ಈ ರೋಗ ಗಂಡು, ಹೆಣ್ಣೆಂಬ ಭೇದವೆಣಿಸುವುದಿಲ್ಲ. ಭೇದವೆಣಿಸುವವರು ನಾವು.

ಮಾತ್ರೆ ನುಂಗಿದರೆ ಸಾಕೆಂಬ ಭ್ರಮೆ ಒಂದೆಡೆ, ಸಕ್ಕರೆಯ ಬದಲು ಬೆಲ್ಲ, ಜೇನು ತಿಂದರೆ ದೋಷವಿಲ್ಲವೆಂಬ ಭ್ರಮೆ ಇನ್ನೊಂದೆಡೆ. ಎರಡೂ ಸುಳ್ಳು. ವಾರಕ್ಕೆ 150 ನಿಮಿಷಗಳ ಬಿರುಸಿನ ನಡಿಗೆ, ಊಟದ ಬಳಿಕ ಹತ್ತು ಹದಿನೈದು ನಿಮಿಷ ಅಡ್ಡಾಡುವುದು, ತಟ್ಟೆಯ ಅರ್ಧ ಭಾಗ ತರಕಾರಿ, ಕಾಲು ಭಾಗ ಮಾತ್ರ ಅನ್ನ ಅಥವಾ ರೊಟ್ಟಿ, ಉಳಿದ ಕಾಲು ಭಾಗ ಬೇಳೆ, ಮೊಟ್ಟೆ, ಮೀನು ಅಥವಾ ಕೊಬ್ಬಿಲ್ಲದ ಮಾಂಸ: ವೈದ್ಯರು ಹೇಳುವುದು ಇಷ್ಟೇ. ಇದಕ್ಕೆ ರೋಗಿಗೆಂದು ಬೇರೆ ಪಾತ್ರೆ ಬೇಕಿಲ್ಲ. ಮನೆಮಂದಿಯೆಲ್ಲರ ಪಾತ್ರೆಯೇ ಬದಲಾಗಬೇಕು. ಆಗ ಬಡಿಸುವವಳಿಗೂ ಅದೇ ಆಹಾರ ದೊರೆಯುತ್ತದೆ.

ಹೆಂಗಸರು ಬೀದಿಯಲ್ಲಿ ನಡೆಯುವುದು ಸರಿಯೇ ಎಂದು ಕೇಳುವವರಿದ್ದಾರೆ. ಮದುವೆಯ ಬಟ್ಟೆಗಾಗಿ ಚಿಕ್ಕಪೇಟೆಯಲ್ಲಿ ರಾತ್ರಿಯವರೆಗೆ ಅಲೆದಾಡುವಾಗ ಈ ಪ್ರಶ್ನೆ ಎಲ್ಲಿರುತ್ತದೆ? ಮನೆಗೆಲಸ ಮುಗಿಯುವ ವೇಳೆಗೆ ಉದ್ಯಾನಗಳ ಬಾಗಿಲು ಮುಚ್ಚಿರುತ್ತಿತ್ತು ಎಂಬುದು ಒಂದು ಕಾಲದ ನಿಜ. 2024ರಲ್ಲಿ ಅಂದಿನ ಬಿಬಿಎಂಪಿಯು ಉದ್ಯಾನಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ತೀರ್ಮಾನಿಸಿದ ಬಳಿಕ ಆ ನೆಪಕ್ಕೂ ಆಧಾರವಿಲ್ಲ.

ರಮಝಾನಿನಲ್ಲಿ ಈ ತಾರತಮ್ಯ ಅಪಾಯದ ಮಟ್ಟಕ್ಕೇರುತ್ತದೆ. ಸಹರಿಗೆ ಎಲ್ಲರಿಗಿಂತ ಮೊದಲು ಏಳುವವಳು ಅವಳು, ಇಫ್ತಾರಿಗೆ ಕೊನೆಯಲ್ಲಿ ಕುಳಿತುಕೊಳ್ಳುವವಳೂ ಅವಳೇ. ಇನ್ಸುಲಿನ್ ಪಡೆಯುವವರು ವೈದ್ಯರನ್ನು ಕೇಳದೆ ಉಪವಾಸವಿದ್ದರೆ ಸಕ್ಕರೆ ಹಠಾತ್ತನೆ ಕುಸಿಯಬಹುದು. ಅದು 70ಕ್ಕಿಂತ ಕೆಳಗಿಳಿದರೆ ತಕ್ಷಣ ಉಪವಾಸ ಬಿಡಬೇಕು. ಬೆರಳು ಚುಚ್ಚಿ ರಕ್ತ ಪರೀಕ್ಷಿಸಿದರೆ ಉಪವಾಸ ಮುರಿಯುತ್ತದೆಂಬ ತಪ್ಪು ನಂಬಿಕೆಯಿಂದ ಎಷ್ಟೋ ತಾಯಂದಿರು ತಲೆಸುತ್ತನ್ನು ಸಹಿಸಿಕೊಂಡು ಒಲೆಯ ಮುಂದೆ ನಿಂತಿರುತ್ತಾರೆ. ಅದು ಮುರಿಯುವುದಿಲ್ಲ. ರೋಗಿಗೆ ಕುರ್‌ಆನ್ ನೀಡಿರುವ ರಿಯಾಯಿತಿಯನ್ನು ಪಡೆಯಲು ಆಕೆಗೆ ಅತ್ತೆಯ ಅಥವಾ ನೆರೆಯವರ ಅನುಮತಿ ಬೇಕೇ?

ನಮ್ಮ ಜಮಾಅತ್‌ಗಳನ್ನೂ ಕೇಳಬೇಕಾಗಿದೆ. ಜುಮಾ ನಮಾಝಿನ ಬಳಿಕ ಮಸೀದಿಯ ಅಂಗಳದಲ್ಲಿ ಉಚಿತ ರಕ್ತಪರೀಕ್ಷೆಯ ಶಿಬಿರ ನಡೆಸಿದರೆ ಪರೀಕ್ಷೆಗೆ ಒಳಗಾಗುವುದು ಬಹುತೇಕ ಗಂಡಸರ ಬೆರಳುಗಳು. ಮುಂದಿನ ಶಿಬಿರ ಮದ್ರಸದ ಕೋಣೆಯಲ್ಲಿ, ಬೆಳಿಗ್ಗೆ 11 ಗಂಟೆಗೆ, ಮಹಿಳಾ ದಾದಿಯರ ಮೂಲಕ ನಡೆಯಲಿ. ಅದಕ್ಕೂ ಕಾಯಬೇಕಿಲ್ಲ, ಮನೆಯಲ್ಲಿ ಪತಿಗೆಂದು ತಂದಿಟ್ಟ ಗ್ಲುಕೋಮೀಟರ್ ಇದ್ದರೆ ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅವಳ ಬೆರಳಿಗೂ ಅದನ್ನು ಬಳಸಿರಿ. ಅಂಕಿ 100ನ್ನು ದಾಟಿದ್ದರೆ ವೈದ್ಯರ ಬಳಿಗೆ ಅವಳನ್ನು ಕರೆದೊಯ್ಯಬೇಕಾದವರು ನೀವೇ.