ಹಂಪೆಯ ಕಾವ್ಯ, ದುಡಿಯುವವರ ಮಕ್ಕಳು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಹೊಸಪೇಟೆಯ ಚಹದಂಗಡಿಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ಹುಡುಗನಿಗೆ ಮಾರ್ಕು ಕಡಿಮೆ, ಆರ್ಟ್ಸಿಗೆ ಹಾಕಿಬಿಡ್ರಿ." ಸಂಡೂರು, ಕಂಪ್ಲಿಗಳಲ್ಲೂ ಇದೇ ಮಾತು. ಸಾಹಿತ್ಯ, ಭಾಷೆ, ತತ್ತ್ವವಿಚಾರ ಇವೆಲ್ಲ ಸೋತವರ ಪಾಲು ಎಂಬ ಈ ತೀರ್ಪನ್ನು ನಾವು ಒಪ್ಪುವುದಿಲ್ಲ.

ದೂರ ಹೋಗುವುದು ಬೇಡ. ವಿಜಯನಗರ ಹುಟ್ಟುವ ಮೊದಲೇ ಹಂಪೆಯಲ್ಲಿ ಬಾಳಿದ ರಾಘವಾಂಕನ 'ಹರಿಶ್ಚಂದ್ರ ಕಾವ್ಯ'ದಲ್ಲಿ ಒಂದು ಪ್ರಸಂಗವಿದೆ. ಅಸ್ಪೃಶ್ಯರೆನಿಸಿದ ಹಾಡುವ ಹುಡುಗಿಯರು ದೊರೆಯನ್ನು ಮೆಚ್ಚಿಸಿ, ತಮ್ಮನ್ನು ಮದುವೆಯಾಗೆಂದು ಕೇಳುತ್ತಾರೆ. ದೊರೆ ಕುಲದ ಮಾತೆತ್ತುತ್ತಾನೆ. ನಮ್ಮ ಹಾಡು ಕೇಳಿದ ಕಿವಿಗೆ, ನಮ್ಮನ್ನು ನೋಡಿದ ಕಣ್ಣಿಗೆ ತಟ್ಟದ ಮೈಲಿಗೆ ಮುಟ್ಟಿದರೆ ಮಾತ್ರ ಹೇಗೆ ತಟ್ಟುತ್ತದೆ ಎಂದು ಹುಡುಗಿಯರು ವಾದಿಸುತ್ತಾರೆ. ದೊರೆ ಸಿಟ್ಟಿಗೆದ್ದು ಅವರನ್ನು ಅಟ್ಟುತ್ತಾನೆ. ಅದೇ ದೊರೆ ಮುಂದೆ ಋಷಿಯ ಸಾಲ ತೀರಿಸಲು ಕಾಶಿಯಲ್ಲಿ ಹೆಂಡತಿಯನ್ನೂ ಮಗನನ್ನೂ ಮಾರಿ, ತಾನೂ ವೀರಬಾಹುಕನೆಂಬ ಚಂಡಾಲನ ಆಳಾಗಿ ಸುಡುಗಾಡು ಕಾಯುತ್ತಾನೆ.

ಇದು ಸಾಹಿತ್ಯವೂ ಹೌದು, ತರ್ಕವೂ ಹೌದು, ತತ್ತ್ವವೂ ಹೌದು. ಆದರೆ ಇಂಥ ಪಾಠದಿಂದ ನಮ್ಮ ಹುಡುಗರು ಕಲಿಯುವುದೇನು? ಛಂದಸ್ಸು ಯಾವುದು? ವಾರ್ಧಕ ಷಟ್ಪದಿ. ಕವಿ ಯಾರು? ರಾಘವಾಂಕ. ಗೈಡು ನೋಡಿ ಬರೆದರೆ ಅಂಕ ಸಿಕ್ಕಿತು, ಪಾಠ ಮುಗಿಯಿತು. ಆ ಹುಡುಗಿಯರ ಪ್ರಶ್ನೆಗೆ ದೊರೆಯಂತೆ ನಾವೂ ಉತ್ತರ ಕೊಡದೆ ಜಾರಿಕೊಂಡೆವು.

ಕನ್ನಡದಲ್ಲಿ ಭಾಷೆ ಎಂದರೆ ನುಡಿಯೂ ಹೌದು, ಕೊಟ್ಟ ಮಾತೂ ಹೌದು. ವ್ಯಾಪಾರಿ ಬಂಧುಗಳು ಇದನ್ನು ಚೆನ್ನಾಗಿ ಬಲ್ಲರು. ಪೇಟೆ ನಡೆಯುವುದೇ ಕೊಟ್ಟ ಮಾತಿನ ಮೇಲೆ. ಗಿರಣಿಯ ಬಂಧುಗಳೂ ಬಲ್ಲರು. ಕಸುಬು ಕಲಿತವನು ಯಂತ್ರ ನಡೆಸಬಲ್ಲ. ಕೆಲಸದ ಕರಾರನ್ನು ಓದಿ ಅದರೊಳಗಿನ ಮೋಸ ಹಿಡಿಯಬೇಕಾದರೆ ನುಡಿಯ ತಿಳಿವು ಬೇಕು. ಈ ಕರಾರು ನ್ಯಾಯವೇ ಎಂದು ಕೇಳಬೇಕಾದರೆ ವಿಚಾರ ಬೇಕು. ಇವೆರಡನ್ನೂ ಉಳ್ಳವರ ಮಕ್ಕಳಿಗೆ ಬಿಟ್ಟುಕೊಟ್ಟು, ನಮ್ಮ ಮಕ್ಕಳಿಗೆ ಬರೀ ಕೈಕೆಲಸ ಸಾಕೆನ್ನುವುದು ಹೊಸ ಬಗೆಯ ಕುಲಭೇದವಲ್ಲದೆ ಮತ್ತೇನು?

2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಹೊಸಪೇಟೆ, ಹಂಪೆ ಆಚೆಗೆ ಬಂದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಆಡಳಿತದ ಗೆರೆ ಎಲ್ಲಿಯೇ ಇರಲಿ, ನಮ್ಮ ಬೇಡಿಕೆ ಒಂದೇ. ಭಾಷಾ ಶಿಕ್ಷಕರಿಲ್ಲದ ಶಾಲೆ ಇರಕೂಡದು. ಶಾಲೆಯ ಪುಸ್ತಕಗಳು ಬೀರುವಿನ ಬೀಗದಿಂದ ಹೊರಬರಬೇಕು. ಪರೀಕ್ಷೆಯಲ್ಲಿ 'ನಿನಗೇನನ್ನಿಸುತ್ತದೆ, ಏಕೆ' ಎಂಬ ಪ್ರಶ್ನೆಗೂ ಅಂಕವಿರಬೇಕು. 1991ರಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯ ಹಂಪೆಯಲ್ಲೇ ಇದೆ. ಅದರ ವಿದ್ವಾಂಸರು ಈ ಊರುಗಳ ಶಾಲೆಗಳಿಗೆ ಬಂದು ಮಕ್ಕಳೊಡನೆ ಕೂತು ಓದಬೇಕು.

ಅಲ್ಲಿಯವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಇಂದು ರಾತ್ರಿ ಊಟದ ಹೊತ್ತಿಗೆ ಮಗಳನ್ನು ಹತ್ತಿರ ಕೂರಿಸಿಕೊಂಡು ಕೇಳಿರಿ: ಆ ಹಾಡುವ ಹುಡುಗಿಯರ ಮಾತು ಸರಿಯೋ, ದೊರೆಯ ಮಾತು ಸರಿಯೋ? ಅವಳು ಕೊಡುವ ಉತ್ತರ ಯಾವ ಗೈಡಿನಲ್ಲಿಯೂ ಇರಲಾರದು.