ಹಾಡಿಗಿ ಬೈಬ್ಯಾಡ್ರಿ, ಅರ್ಥ ಹೇಳ್ರಿ

ರಘು ದೀಕ್ಷಿತ್ ತಂಡದ ‘ಗುಡುಗುಡಿಯಾ ಸೇದಿ ನೋಡೋ’ ಹಚ್ಚಿದ್ರ ಸಾಕು, ಮನ್ಯಾಗ ಎರಡು ಪಾರ್ಟಿ ಆಗ್ತಾವ. ಹುಡುಗ್ರು ಕುಣೀತಾವ, ದೊಡ್ಡೋರು “ಭಜನಿ ಪದ ಕೆಡಿಸ್ಯಾರ” ಅಂತಾರ. ನಾ ಅಂತೂ ಹುಡುಗ್ರ ಕಡಿ ಅದೀನ್ರೆವ್ವಾ.

2008ರ ಆಲ್ಬಮ್ಮಿನ ಹಾಡದು. ಗಿಟಾರು, ಡ್ರಮ್ಸು, ಮುಂದ ಲುಂಗಿ ಉಟ್ಟು ಕಾಲಿಗಿ ಗೆಜ್ಜಿ ಕಟ್ಟಿ ಹಾಡೋ ಮನಷ್ಯಾ. ಆಮ್ಯಾಲ ಬಂದ ಎಷ್ಟೋ ಹಾಡು ಮರ್ತೇ ಹೋದ್ವು, ಇದು ಉಳೀತು. ಯಾಕ? ಬರೇ ಗಿಟಾರಿನಿಂದ ಅಲ್ರಿ. ಹಾವೇರಿ ಕಡಿ ಶಿಶುನಾಳದಾಗ 1819ರಾಗ ಹುಟ್ಟಿದ ಶರೀಫಜ್ಜನ ಪದ ಅದು. ಕಟ್ಟಿಮ್ಯಾಲ ಕುಂತು ಸೇದೋ ಗುಡುಗುಡಿ ತೋರ್ಸಿ, ಮನಸಿನ್ಯಾಗಿನ ಮೋಹ, ಸೊಕ್ಕು, ಹೊಟ್ಟಿಕಿಚ್ಚು ಸುಡು ಅಂದಾನ. ದೊಡ್ಡ ಮಾತು, ಆದ್ರ ಮನಿ ಸಾಮಾನಿನ್ಯಾಗ ಹೇಳ್ಯಾನ. ಅದಕ್ಕ ಅವನ ಪದ ಏಕತಾರಿಗೂ ಹೊಂದ್ತಾವ, ಸಿ. ಅಶ್ವಥ್ ಅವರ ದನಿಗೂ ಹೊಂದಿದ್ವು, ಈಗ ಗಿಟಾರಿಗೂ ಹೊಂದ್ಯಾವ.

ಇನ್ನೊಂದು ಮಾತು. ನಮ್ ಹುಡುಗ್ರು ಓದ್ಲಾಕ ಬೆಂಗಳೂರಿಗಿ ಹೋದ್ರ, ನಮ್ ಕಡಿ ಮಾತು ಒರಟು ಅಂತ ನಾಚಕೋತಾವ. ಅದೇ ಊರಾಗ ಉತ್ತರ ಕರ್ನಾಟಕದ ಅಜ್ಜನ ಪದಕ್ಕ ಮಂದಿ ಎದ್ದು ಕುಣೀತಾರ. ಆ ಹೆಮ್ಮಿ ನಮ್ ಹುಡುಗ್ರಿಗಿ ನಾವಲ್ದ ಯಾರು ಹೇಳ್ಬೇಕು?

ದೊಡ್ಡೋರದೂ ಒಂದು ಖರೇ ಅದ. ಅರ್ಥ ಗೊತ್ತಿಲ್ದ ಕುಣಿದ್ರ ಅದು ಬೀಡಿ ಸೇದೋ ಹಾಡಾಗಿ ಬಿಡ್ತದ. ಅದಕ್ಕ ಅಕ್ಕಗೋಳೇ, ವೈನಿಗೋಳೇ, ಮೊಬೈಲ್ ಕಸ್ಗೋಬ್ಯಾಡ್ರಿ. ರೊಟ್ಟಿ ಬಡ್ಕೋತ ಅರ್ಥ ಹೇಳ್ರಿ. ಸೌಂಡ್ ಜರಾ ಕಡಿಮಿ ಮಾಡು ಅಂತ ಬೇಕಾದ್ರ ಅನ್ರಿ, ನಾನೂ ಅಂತೀನಿ.