ಕೂಡಿಹಾಕುವುದು ಕರುಣೆಯಲ್ಲ

ಸಕಲೇಶಪುರದ ಜಡಿಮಳೆಯಲ್ಲಿ ಸೌದೆ ಕೊಟ್ಟಿಗೆಗೆ ಬಂದು ಮುದುಡುವ ಬೆಕ್ಕನ್ನು ಕಂಡರೆ ಯಾರಿಗಾದರೂ ಮರುಕ ಬರುತ್ತದೆ. ಕಳೆದ ಮಳೆಗಾಲದಲ್ಲಿ ನಾನೂ ಅಂಥದೊಂದು ಬೆಕ್ಕನ್ನು ಮನೆಯೊಳಗೆ ತಂದು ಬಾಗಿಲು ಹಾಕಿದೆ. ಎರಡು ದಿನ ಅದು ಮಂಚದಡಿಯಿಂದ ಹೊರಬರಲಿಲ್ಲ, ಮೀನನ್ನೂ ಮುಟ್ಟಲಿಲ್ಲ. ಎಳೆಯಲು ಹೋದಾಗ ಕೈ ಪರಚಿತು. ಗಾಯವನ್ನು 15 ನಿಮಿಷ ಸೋಪು ನೀರಿನಲ್ಲಿ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದು ಹಾಕಿಸಿಕೊಂಡೆ. "ಅದಕ್ಕೆ ಸೊಕ್ಕಲ್ಲ ಮಗಾ, ಹೆದರಿಕೆ" ಎಂದರು ಉಮ್ಮ.

ಮರಿಗಳು 2ರಿಂದ 7 ವಾರದೊಳಗೆ ಮನುಷ್ಯರ ಒಡನಾಟ ಕಂಡರೆ ಬೇಗ ಪಳಗುತ್ತವೆ. ಆ ವಯಸ್ಸು ದಾಟಿದವಕ್ಕೆ ತಿಂಗಳುಗಳೇ ಬೇಕು. ಕೆಲವು ಪಳಗುವುದೇ ಇಲ್ಲ. ಅವಿತುಕೊಳ್ಳಲು ರಟ್ಟಿನ ಪೆಟ್ಟಿಗೆ, ಮರಳು ತುಂಬಿದ ತಟ್ಟೆ, ದಿನವೂ ಒಂದೇ ಹೊತ್ತಿಗೆ ಊಟ, ದಿಟ್ಟಿಸಿ ನೋಡದೆ ದೂರ ಕೂರುವ ನಮ್ಮ ತಾಳ್ಮೆ ಅವಕ್ಕೆ ಬೇಕು.

ಬೆಕ್ಕನ್ನು ಕೂಡಿಹಾಕಿ, ತಾನೂ ಉಣಿಸದೆ, ಅದಾಗಿ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಹೆಂಗಸು ಶಿಕ್ಷೆಗೆ ಗುರಿಯಾದಳೆಂಬ ಹದೀಸ್ ನಮಗೆಲ್ಲ ಗೊತ್ತು. ಊಟ ಹಾಕಿದರೆ ಸಾಕೆಂದು ನಾನು ತಿಳಿದಿದ್ದೆ. ಬಾಗಿಲ ಮಾತೂ ಅದರಲ್ಲಿದೆ ಎಂದು ಈಗ ಅನ್ನಿಸುತ್ತದೆ. ಬೆಕ್ಕುಗಳು ನಮ್ಮ ನಡುವೆ ಸುತ್ತಾಡುವ ಜೀವಿಗಳೆಂದು ಪ್ರವಾದಿವರ್ಯರು (ಸ) ಹೇಳಿದ್ದಾರೆ. ಸುತ್ತಾಡುವ ಜೀವಿಗೆ ಹೋಗಿಬರುವ ದಾರಿ ಬೇಕಲ್ಲವೇ?

ಮೂರನೆಯ ದಿನ ನಾನು ಬಾಗಿಲು ತೆರೆದೆ. ಅದು ಓಡಿಹೋಯಿತು. ಜಗಲಿಯಲ್ಲಿ ಊಟ ಇಡುವುದನ್ನು ಮಾತ್ರ ನಿಲ್ಲಿಸಲಿಲ್ಲ. ಈಗ ಮಳೆ ಜೋರಾದರೆ ತಾನಾಗಿ ಒಳಬಂದು ಒಲೆಯ ಪಕ್ಕ ಮಲಗುತ್ತದೆ. ಮುಟ್ಟಲು ಇನ್ನೂ ಬಿಡುವುದಿಲ್ಲ. ನನಗೆ ಅಷ್ಟು ಸಾಕು.